ಹನ್ನೊಂದು ಮಾಳಿಗೆ

ಚೀಟಿಯಲ್ಲಿ ಇದ್ದದ್ದು ಒಂದೇ ಅಂಕಿ. ರತ್ನದೀಪ ಅದನ್ನು ಮೂರು ಸಲ ಓದಿದ, ಮೂರು ಸಲವೂ ಅದು ನಲವತ್ತೊಂದೇ ಆಗಿತ್ತು. ಸೇಡಂ ದವಾಖಾನೆಯ ರಕ್ತ ತೆಗೆಯುವ ಕೋಣೆಯ ಕಿಟಕಿಯಾಚೆ ಕೂತಿದ್ದ ಲ್ಯಾಬಿನವ ತಾರೀಕ ಇನ್ಯಾರದೋ ಬೆರಳಿಗೆ ಹತ್ತಿ ಒತ್ತುತ್ತ, "ರಕ್ತದಾಗಿನ ಸೀಸ ಐದರ ಒಳಗ ಇರಬೇಕ್ರಿ," ಎಂದ. ಐದು ಎಂಬುದನ್ನು ಅವನು ಎಷ್ಟು ಸಲೀಸಾಗಿ ಹೇಳಿದನೆಂದರೆ ರತ್ನದೀಪನಿಗೆ ಸಿಟ್ಟು ಬಂತು. ಸೀಸದ ಕಾರ್ಖಾನೆಯಲ್ಲಿ ಇಬ್ಬರು ಕುಲುಮೆಯ ಆಳುಗಳು ಹೊಟ್ಟೆ ಹಿಡಿದುಕೊಂಡು ಬಿದ್ದಮೇಲೆ, ಕೆಲಸಗಾರರ ಮಕ್ಕಳ ರಕ್ತವನ್ನೂ ನೋಡಬೇಕೆಂದು ಈ ದವಾಖಾನೆಯವರು ಹಟ ಹಿಡಿದಿದ್ದರು. ರತ್ನದೀಪನೂ ಅಲ್ಲಿಯವನೇ, ಆದರೆ ಕುಲುಮೆಯ ಹತ್ತಿರ ಸುಳಿಯುವವನಲ್ಲ. ಗೇಟಿನಲ್ಲಿ ಕೂತು ಗಾಡಿಗಳ ನಂಬರು ಬರೆಯುವವನು. ಹಳೆಯ ಬ್ಯಾಟರಿ ತುಂಬಿದ ಲಾರಿ ಒಳಗೆ, ಸೀಸದ ಗಟ್ಟಿ ತುಂಬಿದ ಲಾರಿ ಹೊರಗೆ. ಇರಲಿ ಬಿಡು ಎಂದು ಮಗಳು ಲುಂಬಿನಿಯನ್ನು ಹೋದ ವಾರ ಕರೆತಂದಿದ್ದ. ಸೂಜಿ ಚುಚ್ಚಿದಾಗ ಅವಳು ಅಳಲಿಲ್ಲ. ನಾಲ್ಕೇ ವರ್ಷದವಳು ಅಳಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಹಿಗ್ಗಿದ್ದ, ಟಂಟಂ ಆಟೋದಲ್ಲಿ ಕೂತ ಗುರುತಿಲ್ಲದವರಿಗೆಲ್ಲ ಹೇಳಿದ್ದ.

"ಡ್ಯೂಟಿ ಅಂಗಿ ಹಾಕ್ಕೊಂಡೇ ಮನೀಗಿ ಹೋಗ್ತೀರೇನು?" ತಾರೀಕ ಕೇಳಿದ.

"ಇಲ್ರಿ."

"ಮನ್ಯಾಗ ಹಳೇ ಬ್ಯಾಟರಿ ಒಡಿಯೋದು, ಕಾಸೋದು ಏನರ ಅದ?"

"ಏನೂ ಇಲ್ಲ."

"ಮತ್ತ ಕೂಸಿಗಿ ಎಲ್ಲಿಂದ ಬಂತು? ದೂರದ ಗಾಳ್ಯಾಗಿಂದ ಇಷ್ಟು ಬರೂದಿಲ್ಲ. ಬಾಯಾಗ ಹೋಗ್ಯಾದ ಇದು. ಬೂದಿ, ಮಣ್ಣು, ಏನರ ತಂದೀರೇನು ನೆನಪು ಮಾಡ್ರಿ. ಎಲ್ಲಿಂದ ಬರಾಕತ್ತದ ಅದನ್ನ ಮೊದಲ ಬಂದ್ ಮಾಡಬೇಕು. ತಿಂಗಳ ಬಿಟ್ಟು ಮತ್ತ ನೋಡಮು. ಏರ್ತು ಅಂದ್ರ ಕಲಬುರಗಿ ದವಾಖಾನಿಗಿ ಹಾಕಬೇಕಾಗ್ತದ. ಸಣ್ಣ ಮಕ್ಕಳಿಗಿ ಫಿಟ್ಸಿನ ಝಟಕಾ ಬರ್ತಾವ್ರಿ, ತಲಿಗಿ ಹತ್ತತದ."

"ಏನೂ ತಂದಿಲ್ಲ," ಎಂದ ರತ್ನದೀಪ. ಅಷ್ಟು ಬೇಗ ಹೇಳಬಾರದಿತ್ತು. ತಾರೀಕ ತಲೆಯೆತ್ತಿ ನೋಡಿದ, ಆಮೇಲೆ ಮುಂದಿನವರ ಹೆಸರು ಕೂಗಿದ.

ಮಣ್ಣು ಎನ್ನುವುದರೊಳಗೆ ಅವನಿಗೆ ಎಲ್ಲ ತಿಳಿದುಹೋಗಿತ್ತು. ನೆನಪು ಮಾಡಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಅವನ ಊರಿನಲ್ಲಿ ಅರ್ಧ ಮನೆಗಳಿಗೆ ಇನ್ನೂ ಮಣ್ಣಿನ ಮಾಳಿಗೆಯೇ. ಕಲ್ಲಿನ ಗೋಡೆ, ತೊಲೆ, ಹಲಗೆ, ಅದರ ಮೇಲೆ ಮೊಳದಷ್ಟು ಮಣ್ಣು. ಜೂನಿನ ಮಿರಗದ ಮಳೆ ಬೀಳುವ ಮುಂಚೆ ವರ್ಷವರ್ಷ ಮೇಲೊಂದು ಪದರ ಬೂದುಬಣ್ಣದ ಹಾಳಮಣ್ಣು ಹರಡಿ ತುಳಿಯದಿದ್ದರೆ ಮನೆಯೆಲ್ಲ ಸೋರುತ್ತದೆ. ಹಳ್ಳದ ದಂಡೆಯ ಹಾಳಮಣ್ಣು ಅಗೆದು ಅಗೆದು ಮುಗಿದಿತ್ತು. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಉಚ್ಚೆ ಹೊಯ್ಯಲು ಕಾರ್ಖಾನೆಯ ಹಿಂದುಗಡೆ ಹೋದವನು, ಅಲ್ಲಿ ರಾಶಿ ಹಾಕಿದ್ದ ಕುಲುಮೆಯ ಪುಡಿಯ ಮೇಲೆ ನೀರು ಇಂಗದೆ ಹಾಗೇ ನಿಂತದ್ದನ್ನು ನೋಡಿದ. ನೋಡಿ ಸುಮ್ಮನೆ ಬರುವ ಜಾತಿಯವನಲ್ಲ ಅವನು. ಬಾಟಲಿಯಲ್ಲಿ ನೀರು ತಂದು ಮತ್ತೆ ಹೊಯ್ದು, ಗಡಿಯಾರ ಹಿಡಿದು ಕಾಲು ತಾಸು ಕಾದ. ಒಂದು ಹನಿ ಇಳಿಯಲಿಲ್ಲ. ಸೂಪರ್‌ವೈಜರ್ ಶಾಂತಕುಮಾರನನ್ನು ಕೇಳಿದರೆ, "ತೊಗೊಂಡು ಹೋಗು ಮಾರಾಯ, ಗುಡ್ಡ ಬೆಳಿಯಾಕತ್ತದ," ಎಂದು ನಕ್ಕ. ಎರಡು ಚೀಲ ತಂದು ತನ್ನ ಮಾಳಿಗೆಗೆ ಹಾಕಿದ. ಇಡೀ ಮಳೆಗಾಲ ಮನೆಯೊಳಗೆ ಒಂದು ಬೋಗುಣಿಯನ್ನೂ ಸೋರುವಲ್ಲಿ ಇಡಬೇಕಾಗಲಿಲ್ಲ. ಇದು ತಾನು ಕಂಡುಹಿಡಿದದ್ದು ಎಂಬ ಸೊಕ್ಕು ಅವನಿಗೆ ಎಷ್ಟಿತ್ತೆಂದರೆ, ಈ ಬೇಸಿಗೆಯಲ್ಲಿ ಕೇಳಿದವರಿಗೂ ಕೊಟ್ಟ, ಕೇಳದವರಿಗೂ ಕೊಟ್ಟ. ಈಗ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಬೆರಳು ಮಡಿಚಿ ಎಣಿಸಿದರೆ ತನ್ನದೂ ಸೇರಿ ಹನ್ನೊಂದು ಮಾಳಿಗೆ. ಹನ್ನೊಂದು ಮನೆಗಳಲ್ಲಿ ಹಲಗೆಯ ಸಂದಿಯಿಂದ ದಿನವೂ ಒಂದಿಷ್ಟು ಪುಡಿ ಉದುರುತ್ತದೆ, ಅದು ಎಲ್ಲರಿಗೂ ಗೊತ್ತಿರುವುದೇ. ಅನ್ನದ ಗಡಿಗೆಯ ಮೇಲೆ ತಟ್ಟೆ ಮುಚ್ಚುವುದು ಅದಕ್ಕೇ. ನೆಲದ ಶಹಾಬಾದಿ ಪರಸಿಗಲ್ಲಿನ ಮೇಲೆ ಬಿದ್ದದ್ದನ್ನು ಬೆಳಿಗ್ಗೆ ಗುಡಿಸುತ್ತಾರೆ. ನೆಲದ ಮೇಲೆ ಅಂಬೆಗಾಲಿಡುವ ಕೂಸು ಅಂಗೈ ನೆಕ್ಕಿಕೊಂಡರೆ ಯಾರು ನೋಡುತ್ತಾರೆ?

ಟಂಟಂ ಹೊರಟಾಗ ಎದುರಿನ ಸೀಟಿನಲ್ಲಿ ತುಳಜಾಬಾಯಿ ಇದ್ದಳು. ಅವನ ಓಣಿಯವಳೇ, ಬುದ್ಧವಿಹಾರದ ಪಕ್ಕದ ಮನೆ, ಅವನ ಎಣಿಕೆಯಲ್ಲಿ ಎರಡನೆಯ ಮಾಳಿಗೆ. ಅವಳನ್ನು ಕಂಡದ್ದೇ ಅವನು ಚೀಟಿಯಿದ್ದ ಜೇಬಿನ ಮೇಲೆ ಕೈಯಿಟ್ಟುಕೊಂಡ, ಯಾರೋ ಎದೆಯೊಳಗೆ ಇಣುಕಿದ ಹಾಗೆ. ಸಂತೆಯ ಚೀಲ ಕಾಲುಗಳ ನಡುವೆ ಒತ್ತಿಕೊಂಡು ಅವಳು, ಇವನು ಸಿಕ್ಕಿದ್ದೇ ಸರಿ ಎಂದು ಮಾತು ತೆಗೆದಳು. ಮಾಳಿಗೆ ಈ ವರ್ಷ ಕಲ್ಲಿನಂತೆ ಗಟ್ಟಿಯಾಗಿದೆ, ಮಗ ನಾಲ್ಕು ವರ್ಷದಿಂದ ಮಾಡಿಸುತ್ತೇನೆಂದು ಹೇಳಿದ್ದು ಆಗಲಿಲ್ಲ, ರತ್ನದೀಪ ಮಾಡಿಕೊಟ್ಟ, ಇಂಥವನು ಓಣಿಗೊಬ್ಬ ಇರಬೇಕು. ಟಂಟಂನವರೆಲ್ಲ ಅವನತ್ತ ನೋಡಿದರು. ಹಿಂದಿನ ತಿಂಗಳಾಗಿದ್ದರೆ ಈ ಮಾತಿಗೆ ಅವನು ತಲೆ ತಗ್ಗಿಸಿ, ಅದರಲ್ಲೇನದ ಎಂದು, ಇನ್ನೊಂದು ಸಲ ಹೇಳಲಿ ಎಂದು ಕಾಯುತ್ತಿದ್ದ.

"ನಿಮ್ಮ ಮೊಮ್ಮಗಾ ಹ್ಯಾಂಗ ಇದ್ದಾನ ಆಯಿ?" ಎಂದು ಕೇಳಿದ. ಕೇಳಬಾರದೆಂದುಕೊಂಡೇ ಕೇಳಿದ.

"ಎಲ್ಲಿ ಬಾ. ಹೊಟ್ಟಿ ನೋವು ಅಂತಾನ, ಉಣ್ಣಂಗಿಲ್ಲ. ಬರೇ ಮಂಕ ಹಿಡದ ಕುಂದ್ರತಾನ. ದೃಷ್ಟಿ ತಗದೀನಿ, ಮಾಸುಮಬಿ ಕಡಿಂದ ತಾಯತ ಕಟ್ಸೀನಿ. ಹಲ್ಲು ಬರೂ ಹೊತ್ತಿನ್ಯಾಗ ಹಂಗ ಆಗ್ತದ ಬಿಡು."

ಮೂರು ವರ್ಷದ ಹುಡುಗನಿಗೆ ಯಾವ ಹಲ್ಲು? ಹೇಳಬೇಕು, ಈಗಲೇ, ಟಂಟಂ ನಿಲ್ಲಿಸಿ ಇಳಿಸಿ ಹೇಳಬೇಕು. ಇಷ್ಟು ಜನರ ಮುಂದೆ ಬೇಡ. ಊರಿಗೆ ಹೋಗಿ ಹೇಳಿದರಾಯಿತು. ಅವಳ ಮಗ ಮುಂಗೋಪಿ, ಕುಡಿದಾಗ ಕೈ ಎತ್ತುವವನು. ಕುರಕುಂಟಾ ಕ್ರಾಸಿನಲ್ಲಿ ಗಾಡಿ ನಿಂತಾಗ ಅವಳು, "ಇನ್ನಾ ಎರಡು ಚೀಲ ಸಿಗ್ತದೇನಪಾ? ದನದ ಕೊಟ್ಟಗಿಗಿ ಬೇಕು," ಎಂದಳು. ಅವನು ನೋಡೋಣ ಎಂದ. ನೋಡೋಣ ಎಂದ ತನ್ನ ದನಿ ಕೇಳಿ ಅವನಿಗೇ ಹೇಸಿಕೆಯಾಯಿತು. ದೂರದಲ್ಲಿ ಕಾರ್ಖಾನೆಯ ಚಿಮಣಿಯಿಂದ ಎಂದಿನಂತೆ ತೆಳ್ಳಗೆ ಹೊಗೆ ಬರುತ್ತಿತ್ತು. ಅದರ ಹಿಂದೆ ಆಕಾಶ ಕಪ್ಪಾಗಿತ್ತು. ಈ ವರ್ಷದ ಮೊದಲ ಮೋಡ.

ಮೋಡ ಕಂಡದ್ದೇ ಇನ್ನೊಂದು ಹೆದರಿಕೆ ಹುಟ್ಟಿತು. ಮೊದಲ ಮಳೆಯ ನೀರನ್ನು ಅವನ ಊರಿನಲ್ಲಿ ಯಾರೂ ಹರಿಯಗೊಡುವುದಿಲ್ಲ. ಬೋರಿನ ನೀರು ಗಡಸು, ಬೇಳೆ ಬೇಯುವುದಿಲ್ಲ. ಆದ್ದರಿಂದ ಮಾಳಿಗೆಯಂಚಿನ ನೀರುದೋಣಿಯಿಂದ ಧಾರೆಯಾಗಿ ಬೀಳುವ ನೀರಿನ ಕೆಳಗೆ ಕೊಡ, ಹಂಡೆ, ಬಕೀಟು ಏನಿದ್ದರೂ ಇಡುತ್ತಾರೆ, ಬೇಳೆಗೆ, ಚಹಕ್ಕೆ, ಕೂಸಿನ ಬಾಟಲಿಗೆ. ಎರಡು ತಿಂಗಳು ಬಿಸಿಲಿಗೆ ಒಣಗಿದ ಹೊಸ ಪುಡಿಯೆಲ್ಲ ಆ ಮೊದಲ ನೀರಿನಲ್ಲಿ ಇಳಿದು ಬರುತ್ತದೆ. ಇವತ್ತೇ ಬರಬಹುದು, ಸಂಜೆಯೊಳಗೆ ಬರಬಹುದು.

ಮನೆಯ ಮುಂದೆ ರಾಧಿಕಾ ಆಗಲೇ ಎರಡು ಕೊಡ ತೊಳೆದು ದೋಣಿಯ ಕೆಳಗೆ ಬೋರಲು ಹಾಕಿದ್ದಳು. ಒಳಗೆ ಬೆಳಕಿಂಡಿಯ ಕೆಳಗಿನ ಬಿಸಿಲಿನ ತುಂಡಿನಲ್ಲಿ ಲುಂಬಿನಿ ಕೂತು ಪರಸಿಯ ಮೇಲೆ ಬೆರಳಿನಿಂದ ಏನೋ ಬರೆಯುತ್ತಿದ್ದಳು. ಬೆರಳು ಬರೆಯುತ್ತಿತ್ತು, ಅಂದರೆ ಅಲ್ಲಿ ಬರೆಯುವಷ್ಟು ಪುಡಿ ಇತ್ತು. ಮೇಲಿನಿಂದ ಬರುವ ಬೆಳಕಿನಲ್ಲಿ ಧೂಳಿನ ಕಣಗಳು ಮೆಲ್ಲಗೆ ತಿರುಗುತ್ತಿದ್ದವು, ಅವಳ ಕೂದಲ ಮೇಲೆ ಇಳಿಯುತ್ತಿದ್ದವು. ಎಷ್ಟೋ ಸಲ ಇದನ್ನೇ ನೋಡುತ್ತ ಚಂದ ಎಂದುಕೊಂಡು ಅವನು ಇಲ್ಲೇ ಊಟ ಮಾಡಿದ್ದಾನೆ. ಮಗಳನ್ನು ಬಾಚಿ ಎತ್ತಿಕೊಂಡು ಹೊರಗೆ ಬೇವಿನ ಮರದ ಕೆಳಗೆ ತಂದು, ಬಕೀಟಿನ ನೀರಿನಲ್ಲಿ ಅವಳ ಎರಡೂ ಕೈಗಳನ್ನು ತಿಕ್ಕಿ ತಿಕ್ಕಿ ತೊಳೆದ. ಸೂಜಿಗೆ ಅಳದವಳು ಈಗ ಅತ್ತಳು.

"ಏನ ಆಯ್ತು? ಚೀಟ್ಯಾಗ ಏನ ಬಂತು?" ರಾಧಿಕಾ ಬಾಗಿಲಲ್ಲಿ ನಿಂತು ಕೇಳಿದಳು.

"ರಕ್ತ ಜರಾ ಕಮ್ಮಿ ಅದಂತ."

"ಅಷ್ಟೇನಾ? ಅದಕ್ಕ ಕೂಸಿನ ಕೈ ಯಾಕ ಮುರಿಯಾಕತ್ತೀರಿ?"

ವಾಡಿಯಲ್ಲಿ ಅವಳ ಅಣ್ಣ ಸಾಯಿಕುಮಾರ ಇದ್ದ. ರೈಲ್ವೆ ಕ್ವಾರ್ಟರ್ಸು, ಸಿಮೆಂಟಿನ ಸ್ಲಾಬು. ಆ ಸ್ಲಾಬು ರತ್ನದೀಪನಿಗೆ ಈಗ ಸ್ವರ್ಗದ ಹಾಗೆ ಕಂಡಿತು. ನಾಲ್ಕು ದಿನ ಹೋಗಿ ಬರ್ರಿ, ಅಲ್ಲಿ ದೊಡ್ಡ ಡಾಕ್ಟರಿದ್ದಾರೆ, ಕೂಸಿಗೆ ಟಾನಿಕ್ ಬರೆಸು, ಎಂದು ಏನೇನೋ ಹೇಳಿದ. ಮಳೆ ಬರುವ ಹೊತ್ತಿನಲ್ಲಿ ಎಲ್ಲಿಗೆ ಹೋಗುವುದು ಎಂದು ರಾಧಿಕಾ ತಕರಾರು ತೆಗೆದಳು. ಅವನು ದನಿ ಏರಿಸಿದ. ಅವನು ದನಿ ಏರಿಸುವವನಲ್ಲ. ಅವಳು ಅವನ ಮುಖ ನೋಡಿ, ಇನ್ನೇನೂ ಕೇಳದೆ ಎರಡು ಸೀರೆ, ಲುಂಬಿನಿಯ ಅಂಗಿಗಳನ್ನು ಚೀಲಕ್ಕೆ ತುಂಬಿದಳು. ಬಟ್ಟೆಗಳನ್ನು ಹೊರಗೆ ಕೊಡವಿ ತುಂಬು ಎಂದ, ಅದನ್ನೂ ಮಾಡಿದಳು. ವಾಡಿಯ ಜೀಪು ಹತ್ತಿಸಿ, ಜೀಪು ತಿರುವಿನಲ್ಲಿ ಮರೆಯಾಗುವ ತನಕ ನಿಂತಾಗ ಅವನಿಗೆ ಎಂಥ ಹಗುರವಾಯಿತೆಂದರೆ, ಒಂದು ಬೀಡಿ ಸೇದಿದ. ಅರ್ಧ ಬೀಡಿ ಮುಗಿಯುವುದರೊಳಗೆ ತಾನು ಮಾಡಿದ್ದೇನೆಂದು ತಿಳಿಯಿತು. ತನ್ನದೊಂದನ್ನು ಕಳಿಸಿಯಾಯಿತು. ಉಳಿದವು ಹತ್ತು ಮನೆ, ಅವರಿಗೆ ವಾಡಿಯಲ್ಲಿ ಯಾರಿದ್ದಾರೆ?

ಓಣಿಯ ಮನೆಗಳಿಗೆ ಹೇಳುವುದು ಕಷ್ಟ, ಆದರೆ ಹೇಳಬಹುದು. ಬೈಯುತ್ತಾರೆ, ತುಳಜಾಬಾಯಿಯ ಮಗ ಕೆನ್ನೆಗೆ ಹೊಡೆಯಲೂಬಹುದು, ತಿಂದರಾಯಿತು. ಅವನು ಹೆದರಿದ್ದು ಹನ್ನೊಂದನೆಯ ಮಾಳಿಗೆಗೆ, ದೇವಿಂದ್ರಪ್ಪ ಸಾಹುಕಾರರ ಮನೆಗೆ. ಅಪ್ಪ ಮಾಣಿಕಪ್ಪ ಇದ್ದಾಗ ಆ ಮನೆಯ ಮಾಳಿಗೆಗೆ ವರ್ಷವರ್ಷ ಮಣ್ಣು ಹೊತ್ತವನು ಅಪ್ಪನೇ, ಆದರೆ ಹೊರಗೋಡೆಗೆ ನಿಚ್ಚಣಿಕೆ ಹಚ್ಚಿ, ಅರ್ಧಕ್ಕೆ ಹತ್ತಿ, ಬುಟ್ಟಿಯನ್ನು ಮೇಲಿನವರ ಕೈಗೆ ಕೊಡುವುದಷ್ಟೇ ಅವನ ಕೆಲಸ. ಮೇಲೆ ಕಾಲಿಟ್ಟವನಲ್ಲ. ಎರಡು ತಿಂಗಳ ಹಿಂದೆ ದೇವಿಂದ್ರಪ್ಪ ತಾವಾಗಿ ಗೇಟಿಗೆ ಫೋನು ಮಾಡಿ, "ನಮ್ಮ ಮಾಳಿಗಿಗೂ ಹಾಕಿಸಿ ಕೊಡು ತಮ್ಮಾ," ಎಂದರು. ಚೀಲ ಹೊತ್ತು ಹೋದಾಗ ಅವರ ಹೆಂಡತಿ ಶಿವಕಾಂತಮ್ಮ, "ನಿಚ್ಚಣಿಕಿ ಯಾಕ, ಒಳಗಿನ ಪಾವಟಿಗಿ ಅದಾವಲ್ಲ, ಬಾ," ಎಂದಳು. ಪಡಸಾಲೆ ದಾಟಿ, ಲಿಂಗಪೂಜೆಯ ಕೋಣೆಯ ಪಕ್ಕದಿಂದ, ಅಡುಗೆಮನೆಯ ಘಮ ಮೂಗಿಗೆ ಬೀಳುತ್ತಿರುವಾಗ ಅವನು ಚೀಲ ಹೊತ್ತು ಒಳಗಿಂದ ಹತ್ತಿದ. ಸೊಸೆ ದಾನೇಶ್ವರಿ ಮನೆಯವರು ಕುಡಿಯುವ ಸ್ಟೀಲಿನ ಲೋಟದಲ್ಲೇ ಚಹ ತಂದುಕೊಟ್ಟಳು. ಮೇಲೆ ನಿಂತು ಊರನ್ನೆಲ್ಲ ನೋಡಿದ, ತನ್ನ ಓಣಿ ಎಷ್ಟು ಸಣ್ಣದೆಂದು ಅನಿಸಿತು. ಮನೆಗೆ ಬಂದು ಆ ಪಾವಟಿಗೆಗಳ ಸುದ್ದಿಯನ್ನು ರಾಧಿಕಾಗೆ ಮೂರು ಸಲ ಹೇಳಿದ್ದ. ನಾಲ್ಕನೆಯ ಸಲ ಶುರುಮಾಡಿದಾಗ ಅವಳು, "ಹನ್ನೆರಡು ಪಾವಟಿಗಿ ಅಂದ್ರಲ್ಲ, ಗೊತ್ತಾಯ್ತು," ಎಂದಿದ್ದಳು. ಆ ಮನೆಗೆ ಈಗ ಏನೆಂದು ಹೇಳುವುದು? ಬೇರೆ ಯಾರಾದರೂ ತಂದುಹಾಕಿದ್ದರೆ ಅದು ತಪ್ಪು ಎನಿಸಿಕೊಳ್ಳುತ್ತಿತ್ತು. ಅವನು ತಂದುಹಾಕಿದರೆ? ಆ ಓಣಿಯವನು ಒಳಗೆ ಬಂದು ವಿಷ ಹಾಕಿ ಹೋದ ಎನ್ನುತ್ತಾರೆ. ಒಬ್ಬ ಅಂದರೆ ಸಾಕು, ಸಂಜೆಯೊಳಗೆ ಊರೆಲ್ಲ ಅನ್ನುತ್ತದೆ, ಅಪ್ಪನ ನಿಚ್ಚಣಿಕೆಯ ಸೇಡು ಎಂದೂ ಅನ್ನಬಹುದು. ಆಮೇಲೆ ಓಣಿಯ ಯಾರೂ ಆ ಊರಿನಲ್ಲಿ ನೆಟ್ಟಗೆ ನಡೆಯಲಾರರು. ಅವನು ಬೀಡಿಯನ್ನು ಕಾಲಡಿ ಹೊಸಕಿದ.

ಹೋದ. ಹೇಗೆ ಹೋದನೆಂದು ಅವನಿಗೇ ತಿಳಿಯಲಿಲ್ಲ. ಕಾಲುಗಳು ಎರಡು ಸಲ ಮನೆಯ ದಾರಿಗೆ ತಿರುಗಿದವು. ದೇವಿಂದ್ರಪ್ಪ ಪಡಸಾಲೆಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಮಗ ಅಶೋಕಕುಮಾರ ಚಿತ್ತಾಪುರದ ಶಾಲೆಗೆ ಮಾಸ್ತರಿಕೆಗೆ ಹೋಗಿದ್ದ, ಸಂಜೆಗೇ ಬರುವುದು. "ಬಾ ಬಾ, ಕುಂದ್ರು," ಎಂದರು. ಅವನು ಕಟ್ಟೆಯ ತುದಿಗೆ ಕೂತ.

"ಸಾವ್ಕಾರ್ರ, ಆ ಮಣ್ಣು ತೆಗೀಬೇಕಾಗ್ತದ್ರಿ."

"ಯಾವ ಮಣ್ಣು? ಮಾಳಿಗೀದಾ? ಯಾಕ?"

ಇಲ್ಲಿಯೇ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಯ ತನಕ ಬಂದು, ಅಲ್ಲಿಂದ ಬೇರೆಯಾಗಿ ಹೊರಬಿತ್ತು. "ಕಂಪನಿಯವ್ರು ಬ್ಯಾಡ ಅನ್ನಾಕತ್ಯಾರ್ರಿ. ವಾಪಸ್ ತರಬೇಕಂತ."

ದೇವಿಂದ್ರಪ್ಪ ನಕ್ಕರು. "ಹಾಕಿ ತುಳದ ಮಣ್ಣು ವಾಪಸ್ ಕೇಳೂ ಕಂಪನಿ ನಾ ಎಲ್ಲಿಯೂ ಕಂಡಿಲ್ಲಪ್ಪಾ. ನಿಂಗ ಯಾರರ ಅಂಜಿಸ್ಯಾರೇನು? ಹೆದರಬ್ಯಾಡ. ಅವರ ಮ್ಯಾನೇಜರ್ ನಂಗ ಗೊತ್ತು. ನಿನ್ನ ಹೆಸರು ಬರದಂಗ ನಾ ಮಾತಾಡ್ತೀನಿ."

"ಹಂಗಲ್ರಿ. ಸಣ್ಣ ಹುಡುಗರಿಗಿ ಅದು ಚಲೋ ಅಲ್ಲ ಅಂತ..."

"ನಮ್ಮ ಮನ್ಯಾಗ ಹುಡುಗರು ಎಲ್ಲಿ ಅದಾವ ಮಾರಾಯ? ಇನ್ನಾ ಬರಬೇಕು," ಎಂದು ಅವರು ಒಳಗಿನ ಬಾಗಿಲ ಕಡೆ ಗದ್ದ ಎತ್ತಿ ತೋರಿಸಿದರು, ಖುಷಿಯಲ್ಲಿ. ಅಲ್ಲಿ ಪರದೆಯ ಕೆಳಗೆ ದಾನೇಶ್ವರಿಯ ಕಾಲ್ಬೆರಳುಗಳು ಕಂಡು ಮರೆಯಾದವು. ಬಸುರಿಗೆ ಏಳು ತಿಂಗಳು, ಮುಂದಿನ ವಾರ ಸೀಮಂತದ ಕುಬುಸದ ಕಾರ್ಯ. "ನೀ ಭಾಳ ವಿಚಾರ ಮಾಡಬ್ಯಾಡ. ಮಳಿ ಬರೂ ಹಂಗ ಅದ, ಈಗ ಮಾಳಿಗಿ ಕೆದರಿದ್ರ ಮನಿ ತುಂಬ ನೀರ. ದೀವಳಗಿಗಿ ನೋಡಮು."

ರತ್ನದೀಪ ಎದ್ದು ನಿಂತ. ಹೇಳಿಯಾಯಿತಲ್ಲ ಎಂದು ಒಳಗೊಬ್ಬ ಅಂದ. ಸಣ್ಣ ಹುಡುಗರಿಗೆ ಚಲೋ ಅಲ್ಲ ಎಂದು ಬಾಯಿಬಿಟ್ಟೇ ಹೇಳಿದೆ, ಅವರು ಕೇಳದಿದ್ದರೆ ನಾನೇನು ಮಾಡಲಿ. ಎಷ್ಟು ಸುಲಭವಾಗಿ ಬಿಟ್ಟುಬಿಟ್ಟರು. ಅವರ ಒಳ್ಳೆಯತನ ಅವನ ಬೆನ್ನು ತಟ್ಟಿ ಹೊರಗೆ ಕಳಿಸಿತ್ತು. ಗೋಡೆಯ ಬದಿಯಿಂದ ಹಿತ್ತಲ ಕಡೆಗಿನ ಸಂದಿಗೆ ಬಂದಾಗ ಮೊದಲ ಗಾಳಿ ಬೀಸಿ ಕಣ್ಣಿಗೆ ಧೂಳು ಬಿತ್ತು. ಅವನು ಉಸಿರು ಹಿಡಿದು ನಿಂತ, ಮೇಲೆ ನೋಡಲು ಧೈರ್ಯವಾಗಲಿಲ್ಲ.

"ಅಣ್ಣಾ."

ಹಿತ್ತಲ ಬಾಗಿಲಲ್ಲಿ ದಾನೇಶ್ವರಿ. ಸೆರಗನ್ನು ಗಟ್ಟಿಯಾಗಿ ಸುತ್ತಿಕೊಂಡು, ಒಳಗೆ ಒಂದು ಸಲ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು. "ಹುಡುಗರಿಗಿ ಚಲೋ ಅಲ್ಲ ಅಂದ್ರಲ್ಲ. ಮೈಗಿ ಹತ್ತಿದ್ರಾ, ಬಾಯಾಗ ಹೋದ್ರಾ?"

"ಯಾಕ್ರಿ ಅವ್ವಾ?"

ಅವಳು ನೆಲ ನೋಡಿದಳು. ಕಿವಿಯ ತನಕ ಕೆಂಪಾದಳು. "ಯಾರ ಮುಂದೂ ಹೇಳಬ್ಯಾಡ್ರಿ. ಬಸರಾದಾಗಿಂದ ಮಣ್ಣಿನ ವಾಸನಿ ಬಂದ್ರ ತಡ್ಯಾಕ ಆಗವಲ್ದು. ಮೊದಲ ಒಲಿ ಮಣ್ಣು ತಿಂತಿದ್ದೆ. ನೀವು ಉಳಿಸಿ ಹೋದ ಅರ್ಧ ಚೀಲ ಮಾಳಿಗಿ ಮೂಲ್ಯಾಗ ಅದ. ಅರಬಿ ಒಣಾ ಹಾಕಾಕ ಹೋದಾಗೊಮ್ಮಿ ಒಂದ ಚಿವುಟು. ಅದು ಜರಾ ಸಿಹಿ ಇರ್ತದ."

ರತ್ನದೀಪ ಗೋಡೆಗೆ ಕೈ ಊರಿದ. ಅಪ್ಪ ನಿಚ್ಚಣಿಕೆ ಹಚ್ಚುತ್ತಿದ್ದ ಗೋಡೆ ಇದೇ ಎಂದು ಯಾಕೋ ಅನಿಸಿತು, ಅಪ್ಪನ ಬುಟ್ಟಿಯಲ್ಲಿ ಬರೀ ಮಣ್ಣಿತ್ತು. ಬಸುರಿಯ ಬಾಯಿಗೆ ಹೋದದ್ದು ಎಲ್ಲಿಗೆ ಹೋಗುತ್ತದೆಂದು ತಾರೀಕನನ್ನು ಕೇಳಬೇಕಾಗಿರಲಿಲ್ಲ.

"ಎಷ್ಟು ದಿನಾ ಆಯ್ತು?"

"ನೀವು ಹಾಕಿ ಹೋದಾಗಿಂದ. ದಿನಾ." ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ಲುಂಬಿನಿ ರಕ್ತದ ಚೀಟಿ ತರಾಕ ಹೋಗ್ಯಾರ ಅಂತ ರಾಧಿಕಾ ಮುಂಜಾನಿ ನಳದ ಹತ್ರ ಹೇಳಿದಳು. ಎಷ್ಟ ಬಂತು?"

ಹೆಂಡತಿಗೆ ಹೇಳದ ಅಂಕಿ. ತುಳಜಾಬಾಯಿಗೆ ಹೇಳದ್ದು, ಸಾಹುಕಾರರಿಗೆ ಹೇಳದ್ದು. ಇಲ್ಲಿಯೂ ರಕ್ತ ಕಮ್ಮಿ ಎಂದುಬಿಡಬಹುದಿತ್ತು. ಅವಳ ಕೆಳತುಟಿಯ ಒಳಗೆ, ಒಸಡಿನಂಚಿಗೆ, ಬೂದುಬಣ್ಣದ ಒಂದು ಸಣ್ಣ ಗೆರೆ ಅವನಿಗೆ ಕಂಡಿತು, ಅಥವಾ ಕಂಡಂತಾಯಿತು.

"ನಲವತ್ತೊಂದು," ಎಂದ.

"ಎಷ್ಟ ಇರಬೇಕು?"

"ಐದರ ಒಳಗ."

ಅವಳು ಅಳಲಿಲ್ಲ. ನಾಲಿಗೆಯನ್ನು ಹಲ್ಲಿನ ಮೇಲೆ ಒಮ್ಮೆ ಆಡಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು, ತುಟಿ ಕೆಂಪಾಗುವ ತನಕ ಒರೆಸಿಕೊಂಡಳು. ಅದನ್ನು ನೋಡುವುದಕ್ಕಿಂತ ಏಟು ತಿನ್ನುವುದು ಮೇಲು ಎಂದು ಅವನಿಗೆ ಅನಿಸಿತು.

"ಸಾವ್ಕಾರ್ರ," ಎಂದು ಕೂಗಿದ. "ಸಾವ್ಕಾರ್ರ, ಹಿಂದ ಬರ್ರಿ. ಅಮ್ಮಾರಿಗೂ ಕರೀರಿ."

ಒಳಗೆ ಪರಸಿಯ ಮೇಲೆ ಹೆಜ್ಜೆಗಳ ಸದ್ದಾಯಿತು. ಓಡಿಹೋಗಲು ಇನ್ನೂ ಸಮಯವಿತ್ತು, ಸಂದಿ ತೆರೆದೇ ಇತ್ತು. ಮೊದಲು ಶಿವಕಾಂತಮ್ಮ, ಹಿಂದೆ ಕನ್ನಡಕ ಏರಿಸಿಕೊಳ್ಳುತ್ತ ದೇವಿಂದ್ರಪ್ಪ ಬಂದರು.

"ಕಂಪನಿಯವರು ಹೇಳಿದ್ದಲ್ರಿ ಅದು, ನಾ ಸುಳ್ಳ ಹೇಳಿದೆ," ಎಂದ ರತ್ನದೀಪ. "ಆ ಮಣ್ಣಿನ್ಯಾಗ ಸೀಸ ಅದ. ವಿಷ ಅದು. ನನ್ನ ಮಗಳ ರಕ್ತದಾಗ ಬಂದದ. ನಂಗ ಗೊತ್ತಿದ್ದಿಲ್ಲ, ಆದ್ರ ತಂದವಾ ನಾನೇ. ಹನ್ನೊಂದು ಮನಿಗಿ ಹಾಕೀನಿ. ಮಳಿ ನೀರು ಹಿಡೀಬ್ಯಾಡ್ರಿ."

ದೇವಿಂದ್ರಪ್ಪನವರ ಮುಖದಲ್ಲಿ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಅವನ ಮಾತು ಕೇಳಿಸಿಯೂ ಒಳಗೆ ಇಳಿದಿರಲಿಲ್ಲ. ಅವರು ನೋಡುತ್ತಿದ್ದುದು ಸೊಸೆಯನ್ನು, ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಕುಸಿದು ಕೂತವಳನ್ನು.

"ನಿಂಗೇನಾಯ್ತವ್ವಾ? ನೀ ಯಾಕ ಹಿಂಗ ಕುಂತಿ?"

ದಾನೇಶ್ವರಿ ಬಾಯಿ ತೆರೆದಳು. ಮಾವನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ರತ್ನದೀಪನನ್ನು ನೋಡಿದಳು. ಮಾವನೆದುರು ಮಣ್ಣು ತಿಂದೆ ಎನ್ನಲು ಅವಳಿಂದ ಆಗುವುದಿಲ್ಲ ಎಂದು ಅವನಿಗೆ ತಿಳಿಯಿತು. ಅದನ್ನೂ ಅವನೇ ಹೇಳಿದ.